ಬೆನೆಗಲ್ ನರಸಿಂಗರಾಯರು

ಪ್ರತಿವರ್ಷ ಜನವರಿ 26ರಂದು ಪುತ್ತೂರು, ಸುಳ್ಯ, ಕಡಬಗಳ ಶಾಲೆ ಕಾಲೇಜುಗಳಲ್ಲಿ ಧ್ವಜವನ್ನೇರಿಸಿ ರಾಜ್ಯಾಂಗದ ಪೀಠಿಕೆಯನ್ನು ಓದುವುದುಂಟು. ಆ ದಿನ ಡಾಕ್ಟರ್ ಅಂಬೇಡ್ಕರರ ಹೆಸರನ್ನು ಎಳೆಯ ಮಕ್ಕಳೂ ಗೌರವದಿಂದ ಸ್ಮರಿಸುತ್ತಾರೆ, ಅದು ಯುಕ್ತವೇ. ಆದರೆ ಅಂಬೇಡ್ಕರರು ಅಧ್ಯಕ್ಷರಾಗಿದ್ದ ಕರಡು ಸಮಿತಿಯ ಮುಂದೆ ರಾಜ್ಯಾಂಗದ ಮೊತ್ತಮೊದಲ ಕರಡನ್ನು ತಂದಿರಿಸಿದವರು ನಮ್ಮ ಜಿಲ್ಲೆಯವರೇ ಎಂಬುದನ್ನು ಬಲ್ಲ ವಿದ್ಯಾರ್ಥಿಗಳು ವಿರಳ. ಅವರೇ ಸರ್ ಬೆನೆಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನ ವೈದ್ಯರೊಬ್ಬರ ಮನೆಯಲ್ಲಿ ಜನಿಸಿದರು. ಸೋದರರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಿಕೋದ್ಯಮಿಗಳಾಗಿ, ರಾಜ್ಯಾಂಗ ಸಭೆಯ ಸದಸ್ಯರಾಗಿ ಹೆಸರಾದರು. ನರಸಿಂಗರಾಯರು ಮಂಗಳೂರಿನ ಶಾಲೆಯಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಅಲ್ಲಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೂ ಹೋಗಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಬಂಗಾಳ ಪ್ರಾಂತದ ಸೇವೆಗೆ ಸೇರಿದರು. ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ಹಿಂದೂ ನ್ಯಾಯಶಾಸ್ತ್ರ ಸಮಿತಿಯ ಅಧ್ಯಕ್ಷರಾಗಿ, ಸ್ವಲ್ಪಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಿಗಳಾಗಿ ದುಡಿದರು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕನ್ನು ಕೊಡಬೇಕೆಂದು ಆ ಸಮಿತಿ ಮಾಡಿದ ಶಿಫಾರಸು ಮುಂದಿನ ಹಿಂದೂ ಕಾಯಿದೆಗಳಿಗೆ ತಳಹದಿಯಾಯಿತು.

1946ರಲ್ಲಿ ರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ವೇತನವನ್ನು ಪಡೆಯಲಿಲ್ಲ. ಸಭೆಯಲ್ಲಿ ಅವರಿಗೆ ಸದಸ್ಯತ್ವವಿರಲಿಲ್ಲ, ಮತವೂ ಇರಲಿಲ್ಲ. ಅನ್ಯದೇಶಗಳ ರಾಜ್ಯಾಂಗಗಳಿಂದ ನಿದರ್ಶನಗಳನ್ನು ಆರಿಸಿ, ಸದಸ್ಯರ ಕೈಗಿತ್ತು, ತೀರ್ಮಾನವನ್ನು ಅವರಿಗೇ ಬಿಡುವುದು ಅವರ ಕ್ರಮ. 1947ರ ಅಕ್ಟೋಬರಿನಲ್ಲಿ 243 ಅನುಚ್ಛೇದಗಳೂ 13 ಅನುಸೂಚಿಗಳೂ ಉಳ್ಳ ಕರಡು ಅವರ ಕಚೇರಿಯಲ್ಲಿ ಸಿದ್ಧವಾಯಿತು. ಅದು ಬೆಳೆದು, ತಿದ್ದುಪಡಿ ಹೊಂದಿ, 1949ರ ನವೆಂಬರ್ 26ರಂದು 395 ಅನುಚ್ಛೇದಗಳ ಗ್ರಂಥವಾಯಿತು. ಅದರ ಹಿಂದಿನ ದಿನ ಅಂಬೇಡ್ಕರರು ಸಭೆಯಲ್ಲಿ ಮಾತನಾಡುತ್ತ, ತಮಗೆ ಸಲ್ಲಿಸಲಾದ ಶ್ರೇಯಸ್ಸಿನಲ್ಲಿ ಒಂದು ಭಾಗ ರಾಯರದೆಂದು ಮುಕ್ತಕಂಠದಿಂದ ಹೇಳಿದರು. ಇಬ್ಬರ ದೊಡ್ಡತನವೂ ಇದರಲ್ಲಿ ಕಾಣುತ್ತದೆ.

ಕರಡನ್ನು ಒಪ್ಪಿಸಿದ ಬಳಿಕ ರಾಯರು ಅಮೆರಿಕ, ಕೆನಡ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ರಾಜ್ಯಾಂಗಜ್ಞರನ್ನು ಕಂಡರು. ಅವರ ಬದುಕಿನ ಅತ್ಯಂತ ವಿಚಾರಾರ್ಹ ಘಟನೆ ಈ ಯಾತ್ರೆಯಲ್ಲಿದೆ. ನ್ಯಾಯೋಚಿತ ಕ್ರಮವಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಸ್ವತ್ತುಗಳನ್ನೂ ಅಪಹರಿಸಬಾರದೆಂಬ ವಿಧಿ ಅಮೆರಿಕದ ರಾಜ್ಯಾಂಗದಲ್ಲಿ 1791ರಿಂದಲೂ ಇದೆ. ಆ ಸುಂದರವಾದ ಮಾತನ್ನೇ ಹಿಡಿದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1905ರಲ್ಲಿ, ರೊಟ್ಟಿ ಸುಡುವ ಕೂಲಿಗಳ ದುಡಿಮೆ ದಿನಕ್ಕೆ 10 ಗಂಟೆ ಮೀರಕೂಡದೆಂಬ ನ್ಯೂಯಾರ್ಕಿನ ಕಾನೂನನ್ನು ರದ್ದುಗೊಳಿಸಿತ್ತು. ಅದೇ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರು, ಜನರು ಆರಿಸಿದ ಸಭೆಯ ಶಾಸನವನ್ನು ಕೆಲವೇ ನ್ಯಾಯಾಧೀಶರು ತಡೆಯುವ ಅಧಿಕಾರ ಪ್ರಜಾಪ್ರಭುತ್ವಕ್ಕೆ ಒಪ್ಪುವುದಲ್ಲವೆಂದು ರಾಯರಿಗೆ ಹೇಳಿದರು. ಗೇಣಿಯೊಕ್ಕಲುಗಳ ಕಷ್ಟವನ್ನು ಕಂಡ ನಮ್ಮ ನಾಡಿನವರಿಗೆ ಈ ವಾದದ ಬಲ ಥಟ್ಟನೆ ತಿಳಿಯುತ್ತದೆ. ರಾಯರು ಅದನ್ನು ಕರಡು ಸಮಿತಿಗೆ ತಿಳಿಸಿದರು. ಸಮಿತಿ ಆ ಮಾತನ್ನು ಬಿಟ್ಟು, ಕಾನೂನಿನಿಂದ ಸ್ಥಾಪಿತವಾದ ವಿಧಾನ ಎಂಬ ಮಾತನ್ನು ಜಪಾನಿನ ರಾಜ್ಯಾಂಗದಿಂದ ತೆಗೆದುಕೊಂಡಿತು. ಅದೇ ನಮ್ಮ 21ನೆಯ ಅನುಚ್ಛೇದ.

ಪರಿಣಾಮ ತಡವಾಗಲಿಲ್ಲ. 1950ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ನ್ಯಾಯ ಬೇಡಿದರು. ಇವರೇ 1957ರಲ್ಲಿ ನಮ್ಮ ನೆರೆಯ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಬಂದವರು. ಕಾನೂನಿನ ವಿಧಾನ ನಡೆದಿದ್ದರೆ ಸಾಕು, ಆ ವಿಧಾನ ನ್ಯಾಯವೋ ಅನ್ಯಾಯವೋ ಎಂದು ತಾನು ನೋಡಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸೆರೆಮನೆಯಲ್ಲಿದ್ದವರಿಗೆ ನ್ಯಾಯಾಲಯದ ಬಾಗಿಲೇ ಮುಚ್ಚಿತು. ಕಡೆಗೆ 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ವಿಧಾನವೆಂದರೆ ನ್ಯಾಯವೂ ಯುಕ್ತವೂ ಆದ ವಿಧಾನವೇ ಎಂದು ಅದೇ ನ್ಯಾಯಾಲಯ ಅರ್ಥೈಸಿತು. ರಾಯರ ಯಾತ್ರೆಯ ಬಳಿಕ ಕರಡಿನಿಂದ ಹೊರಹೋದ ತತ್ತ್ವ ಮೂವತ್ತು ವರ್ಷಗಳ ತರುವಾಯ ಹಿಂಬಾಗಿಲಿನಿಂದ ಮನೆಗೆ ಬಂದಂತಾಯಿತು.

ಹಾಗಾದರೆ ರಾಯರು ತಪ್ಪಿದರೇ? ಹೊಣೆ ಅವರೊಬ್ಬರದಲ್ಲ, ಸಮಿತಿ ಒಪ್ಪಿತು, ಸಭೆ ಚರ್ಚಿಸಿ ಅಂಗೀಕರಿಸಿತು. ಆದರೂ ಅವರು ಜನರ ಸಭೆಯಲ್ಲಿ ಇಟ್ಟ ನಂಬಿಕೆ ಅನುಭವದ ಮುಂದೆ ಸಾಲದಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ನಂಬಿಕೆ ಬರಿಯ ಮಾತಾಗಿರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. ರಾಜ್ಯಾಂಗವಿನ್ನೂ ಅಂಗೀಕಾರವಾಗುವ ಮುನ್ನವೇ, ವಯಸ್ಕರೆಲ್ಲರ ಹೆಸರುಗಳುಳ್ಳ ಮತದಾರರ ಪಟ್ಟಿಯ ಸಿದ್ಧತೆ ರಾಜ್ಯಾಂಗ ಸಭೆಯ ಕಾರ್ಯಾಲಯದಲ್ಲಿ ಅವರ ನೇತೃತ್ವದಲ್ಲಿಯೇ ಆರಂಭವಾಯಿತು. ಓದುಬರಹವಿಲ್ಲದವರು, ನೆಲೆ ತಪ್ಪಿದ ನಿರಾಶ್ರಿತರು ಎಲ್ಲರೂ ಆ ಪಟ್ಟಿಗೆ ಸೇರಬೇಕಿತ್ತು. 1951-52ರ ಮೊದಲ ಚುನಾವಣೆಯ ಹೊತ್ತಿಗೆ ಅದರಲ್ಲಿ ಸುಮಾರು 17 ಕೋಟಿ ಹೆಸರುಗಳಿದ್ದವು. ಸುಳ್ಯ, ಕಡಬಗಳು ಆಗ ಬೇರೆ ತಾಲೂಕುಗಳಾಗಿರಲಿಲ್ಲ, ಪುತ್ತೂರು ಮದರಾಸು ರಾಜ್ಯದಲ್ಲಿತ್ತು. ಇಲ್ಲಿಯ ತೋಟದ ಒಡೆಯನಿಗೂ ತೋಟದಲ್ಲಿ ಅಡಕೆ ಹೆಕ್ಕುವ ಆಳಿಗೂ ಅಂದು ದೊರೆತದ್ದು ಒಂದೊಂದೇ ಮತ.

ಮುಂದೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳಾದರು. 1950ರ ಜೂನಿನಲ್ಲಿ ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, ಮರುವರ್ಷ ನವೆಂಬರ್ 30ರಂದು ಜೂರಿಕ್ ನಗರದಲ್ಲಿ ದೇಹಬಿಟ್ಟರು.

ರಾಜ್ಯಾಂಗವನ್ನು ಬರೆದವರು ಎಷ್ಟೇ ಪ್ರಾಜ್ಞರಾಗಲಿ, ಒಂದು ಪದದ ಮುಂದಿನ ಗತಿಯನ್ನು ಪೂರ್ತಿಯಾಗಿ ಕಾಣಲಾರರು. ಆ ಪದವನ್ನು ಪ್ರಶ್ನಿಸಿ, ನ್ಯಾಯಾಲಯಕ್ಕೊಯ್ದು, ಸೋತು, ಮತ್ತೆ ಕೇಳಿ, ಅದಕ್ಕೆ ಸರಿಯಾದ ಅರ್ಥವನ್ನು ಗಳಿಸಿಕೊಂಡವರು ಪ್ರಜೆಗಳು. ರಾಯರು ಸಿದ್ಧಗೊಳಿಸಿದ್ದು ಕರಡು. ಅದನ್ನು ತಿದ್ದುತ್ತ ಓದುವ ಕೆಲಸ ನಮ್ಮದು; ಅದಿನ್ನೂ ಮುಗಿದಿಲ್ಲ.