ಪರಮಾಣು ವಿಜ್ಞಾನಿ ಮೇಘನಾದ ಸಹಾ

ಸೈನ್ಸ್ ಅಂದ್ರೆ ದುಡ್ಡಿದ್ದವರ ಮಕ್ಕಳ ಓದು ಅನ್ನೋ ಮಾತು ನಮ್ಮ ಕೇರಿಗಳಲ್ಲಿ ಇನ್ನೂ ಇದೆ. ಅದಕ್ಕೇ ಈ ಸಲ ಮೇಘನಾದ ಸಹಾ ಅವರ ಬದುಕಿನ ಬಗ್ಗೆ ಬರೆದಿದ್ದೇನೆ.

ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಹತ್ತಿರದ ಒಂದು ಹಳ್ಳಿಯಲ್ಲಿ. ಅವರ ಜಾತಿಯನ್ನು ಮೇಲ್ಜಾತಿಯವರು ಕೀಳಾಗಿ ಕಾಣುತ್ತಿದ್ದರು. ಅಪ್ಪ ಜಗನ್ನಾಥ ಅವರಿಗೆ ಸಣ್ಣ ದಿನಸಿ ಅಂಗಡಿ, ಮನೆ ತುಂಬ ಮಕ್ಕಳು. ಮಗ ಅಂಗಡಿಯಲ್ಲಿ ಕೂತರೆ ಸಾಕು ಅಂತ ಅಪ್ಪನಿಗಿತ್ತು. ಅಣ್ಣ ಜಯನಾಥ ಬಿಡಲಿಲ್ಲ. ದೂರದ ಊರಿನ ಅನಂತಕುಮಾರ ದಾಸ್ ಎಂಬ ವೈದ್ಯರ ಮನೆಯಲ್ಲಿ ತಮ್ಮನಿಗೆ ಊಟ, ವಸತಿ ಗೊತ್ತುಮಾಡಿದರು. ಹುಡುಗ ತಾನುಂಡ ತಟ್ಟೆ ತಾನೇ ತೊಳೆಯಬೇಕು, ಹಸು ನೋಡಿಕೊಳ್ಳಬೇಕು. ಅಷ್ಟಕ್ಕೆ ಒಪ್ಪಿ ಓದಿದರು. ಮುಂದೆ ಜಯನಾಥ ಸೆಣಬಿನ ಮಿಲ್ಲಿನಲ್ಲಿ ದುಡಿದ ತಿಂಗಳ 20 ರೂಪಾಯಿಯಲ್ಲಿ 5 ರೂಪಾಯಿ ತಮ್ಮನಿಗೆ ಕಳಿಸುತ್ತಿದ್ದರು.

ಢಾಕಾದ ಶಾಲೆಗೆ ಬ್ರಿಟಿಷ್ ಗವರ್ನರ್ ಬಂದಾಗ ಪ್ರತಿಭಟಿಸಿದ್ದಕ್ಕೆ ಸಹಾ ಅವರನ್ನು ಶಾಲೆಯಿಂದ ತೆಗೆದರು. ವಿದ್ಯಾರ್ಥಿವೇತನವೂ ಹೋಯಿತು. ಬೇರೆ ಶಾಲೆ ಸೇರಿ ಓದಿ, 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಈಡನ್ ಹಿಂದೂ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಕೆಲವು ಹುಡುಗರು ಇವರ ಜೊತೆ ಒಂದೇ ಕಡೆ ಕೂತು ಉಣ್ಣೋದಿಲ್ಲ ಅಂದರು. ಸರಸ್ವತಿ ಪೂಜೆಗೂ ಸೇರಿಸಲಿಲ್ಲ. ವಿದ್ಯೆಯ ದೇವತೆಯ ಪೂಜೆಗೇ ವಿದ್ಯಾರ್ಥಿಯನ್ನು ದೂರ ಇಟ್ಟರು!

ಓದು ಮಾತ್ರ ನಿಲ್ಲಲಿಲ್ಲ. 1920ರಲ್ಲಿ ಅವರ ಸಮೀಕರಣ ಪ್ರಕಟವಾಯಿತು. ಬಿಸಿ ಹೆಚ್ಚಾದಂತೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ಎಷ್ಟು ಬಿಸಿಗೆ, ಎಷ್ಟು ಒತ್ತಡಕ್ಕೆ ಎಷ್ಟು ಕಳಚುತ್ತವೆ ಅನ್ನೋ ಲೆಕ್ಕ ಅದು. ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ಎಷ್ಟು, ಅದರಲ್ಲಿ ಏನೇನಿದೆ ಅಂತ ತಿಳಿಯಲು ಈ ಲೆಕ್ಕ ದಾರಿಯಾಯಿತು. ಜಗತ್ತಿನ ವಿಜ್ಞಾನಿಗಳು ಇವತ್ತಿಗೂ ಅದನ್ನು ಸಹಾ ಸಮೀಕರಣ ಅಂತಲೇ ಕರೆಯುತ್ತಾರೆ.

ಅಲಹಾಬಾದಿನಲ್ಲಿ ಹದಿನೈದು ವರ್ಷ ಪಾಠ ಹೇಳಿ 1938ರಲ್ಲಿ ಕಲ್ಕತ್ತೆಗೆ ಮರಳಿದರು. ಯುರೇನಿಯಂ ಪರಮಾಣು ಒಡೆಯುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು ಆಗಲೇ. ಸಹಾ ತಡಮಾಡಲಿಲ್ಲ. 1940ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪಾಠಪಟ್ಟಿಗೆ ಪರಮಾಣು ಬೀಜದ ಭೌತವಿಜ್ಞಾನ ಸೇರಿಸಿದರು. ಕಣಗಳನ್ನು ಸುತ್ತಿಸಿ ವೇಗ ಕೊಡುವ ಸೈಕ್ಲೋಟ್ರಾನ್ ಯಂತ್ರ ಕಟ್ಟಲು ಹೊರಟರು. ಯುದ್ಧದ ಕಾಲ, ಅದಕ್ಕೆ ಬೇಕಾದ ಪಂಪುಗಳನ್ನು ತರುತ್ತಿದ್ದ ಹಡಗೇ ಮುಳುಗಿತು. ಆದರೂ ಕೈಬಿಡಲಿಲ್ಲ. 1950ರ ಜನವರಿಯಲ್ಲಿ ಅವರು ಕಟ್ಟಿದ ಪರಮಾಣು ಸಂಶೋಧನಾ ಸಂಸ್ಥೆಯನ್ನು ಮೇರಿ ಕ್ಯೂರಿಯವರ ಮಗಳು ಐರೀನ್ ಉದ್ಘಾಟಿಸಿದರು. ಈಗ ಅದಕ್ಕೆ ಸಹಾ ಅವರದೇ ಹೆಸರು.

1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಹೋದರು. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವಾಗ ದಾರಿಯಲ್ಲೇ ಕುಸಿದು ತೀರಿಕೊಂಡರು.

ಹತ್ತನೇ ಮುಗಿಸಿದ ತಮ್ಮ ತಂಗಿಯರೇ, ಇಷ್ಟ ಇದ್ದರೆ ಹೆದರದೆ ಸೈನ್ಸ್ ಗ್ರೂಪ್ ತಗೊಳ್ಳಿ. ದುಡಿಯುತ್ತಿರುವ ಅಣ್ಣಂದಿರೇ, ಜಯನಾಥರ ಆ 5 ರೂಪಾಯಿ ನೆನಪಿಡಿ. ನಮ್ಮ ಕೇರಿಯ ಒಂದು ಮಗುವಿನ ಫೀಸಿಗೆ ನಮ್ಮ ಸಂಘವೇ ಜಯನಾಥ ಆಗಲಿ.