ಪ್ಲೇಗು ತಗುಲಿದ ಬಾಲಕನನ್ನು ಹೊತ್ತು ನಡೆದ ಸಾವಿತ್ರಿಬಾಯಿ ಫುಲೆ: ನೆರವಿಗೆ ಹೋಗುವವರು ಪ್ರಾಣವನ್ನೇ ಪಣಕ್ಕಿಡಬೇಕೆ?

ಪ್ರತಿ ವರ್ಷ ಜನವರಿ 3 ಮತ್ತು ಮಾರ್ಚ್ 10 ಬಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾವಿತ್ರಿಬಾಯಿ ಫುಲೆಯವರ ಚಿತ್ರ ಹರಿದಾಡುತ್ತದೆ. ಮೊದಲನೆಯದು ಅವರು ಹುಟ್ಟಿದ ದಿನ, ಎರಡನೆಯದು ತೀರಿಕೊಂಡ ದಿನ. ಚಿತ್ರದ ಕೆಳಗೆ ಸಾಮಾನ್ಯವಾಗಿ ಎರಡು ವಿಷಯ ಇರುತ್ತವೆ: ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು, ಪ್ಲೇಗು ರೋಗಿಯನ್ನು ಮುಟ್ಟಿ ಪ್ರಾಣ ಬಿಟ್ಟರು.

ಈ ಎರಡನೆಯ ವಿಷಯ ಓದಿದವರಲ್ಲಿ ಎರಡು ಗುಂಪು. ಸೇವೆ ಅಂದರೆ ಪ್ರಾಣದ ಹಂಗು ತೊರೆದು ನುಗ್ಗುವುದು ಎಂದು ಒಂದು ಗುಂಪು ಕೈಮುಗಿಯುತ್ತದೆ. ಅಷ್ಟು ವಯಸ್ಸಾದ ಮೇಲೆ ಆ ಸಾಹಸ ಬೇಕಿತ್ತೆ, ಬದುಕಿದ್ದರೆ ಇನ್ನೂ ಎಷ್ಟೋ ಜನರಿಗೆ ನೆರವಾಗುತ್ತಿದ್ದರಲ್ಲ ಎಂದು ಇನ್ನೊಂದು ಗುಂಪು ಕೇಳುತ್ತದೆ. ಪ್ರಶ್ನೆ ಹಳೆಯದಲ್ಲ. ಬಾವಿಗೆ ಬಿದ್ದವರನ್ನು ಎತ್ತಲು ಹೋಗುವವರಿಗೆ, ಕರೆಂಟ್ ಹೊಡೆದವರನ್ನು ಬಿಡಿಸಲು ಓಡುವವರಿಗೆ, ಸಾಂಕ್ರಾಮಿಕದ ವಾರ್ಡಿನಲ್ಲಿ ದುಡಿಯುವವರಿಗೆ ಇವತ್ತೂ ಇದೇ ಪ್ರಶ್ನೆ. ಉತ್ತರ ಹುಡುಕಲು ಸಾವಿತ್ರಿಬಾಯಿಯವರ ಬದುಕನ್ನೂ ಪ್ಲೇಗಿನ ವಿಜ್ಞಾನವನ್ನೂ ಒಟ್ಟಿಗೆ ನೋಡೋಣ.

ಅಪಾಯ ಅವರಿಗೆ ಹೊಸದಾಗಿರಲಿಲ್ಲ

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಈಗಿನ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾವ್‌ನಲ್ಲಿ. 9ನೇ ವಯಸ್ಸಿಗೆ ಮದುವೆ. ಗಂಡ ಜ್ಯೋತಿಬಾ ಫುಲೆಯವರಿಗೆ ಆಗ 13. ಮದುವೆಯಾದಾಗ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನಿಂದ ಅಕ್ಷರ ಕಲಿತರು, ಆಮೇಲೆ ಶಿಕ್ಷಕಿಯ ತರಬೇತಿ ಪಡೆದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದರು. ಭಾರತೀಯರೇ ನಡೆಸಿದ ಮೊದಮೊದಲ ಹೆಣ್ಣುಮಕ್ಕಳ ಶಾಲೆಗಳಲ್ಲಿ ಅದೂ ಒಂದು.

ಶಾಲೆಗೆ ನಡೆದು ಹೋಗುವಾಗ ಜನ ಅವರ ಮೇಲೆ ಸಗಣಿ, ಕಲ್ಲು ಎಸೆಯುತ್ತಿದ್ದರು. ಅದಕ್ಕೆ ಅವರು ಮಾಡಿಕೊಂಡ ಉಪಾಯವನ್ನು ಗಮನಿಸಿ: ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಸೀರೆ ಬದಲಿಸಿ ಪಾಠ ಶುರು ಮಾಡುತ್ತಿದ್ದರು. ವಿರೋಧ ಇದೆ ಎಂದು ಶಾಲೆ ಬಿಡಲಿಲ್ಲ. ವಿರೋಧವೇ ಇಲ್ಲ ಎಂದು ನಟಿಸಿ ಬರಿಗೈಯಲ್ಲೂ ಹೋಗಲಿಲ್ಲ. ಅಪಾಯವನ್ನು ಮೊದಲೇ ಲೆಕ್ಕ ಹಾಕಿ, ಅದಕ್ಕೆ ಬೇಕಾದ ತಯಾರಿ ಮಾಡಿಕೊಂಡು ಹೋದರು.

ಮುಂದಿನ ಕೆಲಸಗಳಲ್ಲೂ ಇದೇ ರೀತಿ. ಮೋಸಹೋಗಿ ಬಸಿರಾದ ವಿಧವೆಯರು ಆತ್ಮಹತ್ಯೆಗೂ ಶಿಶುಹತ್ಯೆಗೂ ಇಳಿಯಬೇಕಾಗಿದ್ದ ಕಾಲದಲ್ಲಿ, ಅಂಥವರು ಗುಟ್ಟಾಗಿ ಬಂದು ಹೆರಿಗೆ ಮಾಡಿಸಿಕೊಳ್ಳಲು ತಮ್ಮ ಮನೆಯಲ್ಲೇ ಆಸರೆ ಕೊಟ್ಟರು. ಅಲ್ಲಿ ಹುಟ್ಟಿದ ಒಂದು ಮಗುವನ್ನು ದತ್ತು ತೆಗೆದುಕೊಂಡು ಸಾಕಿದರು. ಆ ಮಗುವೇ ಯಶವಂತ. ಅವರು ಮುಂದೆ ವೈದ್ಯರಾದರು. 1876ರಲ್ಲಿ ಶುರುವಾದ ಭೀಕರ ಬರದಲ್ಲಿ ಫುಲೆ ದಂಪತಿ ಮತ್ತು ಅವರ ಸತ್ಯಶೋಧಕ ಸಮಾಜದವರು ಹಸಿದ ಮಕ್ಕಳಿಗೆ ಊಟ ಹಾಕುವ ಶಿಬಿರಗಳನ್ನು ನಡೆಸಿದರು. 1890ರಲ್ಲಿ ಜ್ಯೋತಿಬಾ ತೀರಿಕೊಂಡಾಗ, ಹೆಂಗಸರು ಶವಯಾತ್ರೆಯ ಮುಂದೆ ನಡೆಯುವುದೇ ನಿಷಿದ್ಧವಾಗಿದ್ದ ಕಾಲದಲ್ಲಿ ಸಾವಿತ್ರಿಬಾಯಿ ಮಡಕೆ ಹಿಡಿದು ಮುಂದೆ ನಡೆದರು. ಆಮೇಲೆ ಸಮಾಜದ ಹೊಣೆಯನ್ನೂ ಹೊತ್ತರು.

ಮುಂಬೈಗೆ ಬಂತು ಪ್ಲೇಗು

1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಅದು ಪುಣೆ ತಲುಪಿತು. ವಿಪರೀತ ಜ್ವರ, ತೊಡೆಸಂದು ಮತ್ತು ಕಂಕುಳಲ್ಲಿ ನೋವಿನ ಗಡ್ಡೆ, ನಿತ್ರಾಣ. ಔಷಧ ಇರಲಿಲ್ಲ. ಚಿಕಿತ್ಸೆ ಸಿಗದಿದ್ದರೆ ಗಡ್ಡೆ ಪ್ಲೇಗು ತಗುಲಿದ 100 ಜನರಲ್ಲಿ 30ರಿಂದ 60 ಜನ ಸಾಯುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಬಹುತೇಕ ಯಾರೂ ಉಳಿಯುವುದಿಲ್ಲ.

1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸುವ ದಿನಗಳು ಬಂದವು. ಎಳೆದೊಯ್ಯುತ್ತಾರೆಂಬ ಭಯಕ್ಕೆ ಜನ ರೋಗಿಗಳನ್ನೇ ಮುಚ್ಚಿಡುತ್ತಿದ್ದರು. ಅಸ್ಪೃಶ್ಯರೆಂದು ಊರಾಚೆ ಇಟ್ಟಿದ್ದ ಕೇರಿಗಳ ಪಾಡು ಇನ್ನೂ ಕಷ್ಟ. ಆರೋಗ್ಯವಾಗಿದ್ದಾಗಲೇ ಮುಟ್ಟದವರನ್ನು ಪ್ಲೇಗು ಬಂದಾಗ ಯಾರು ಮುಟ್ಟುತ್ತಾರೆ?

ಹಡಪಸರದ ಚಿಕಿತ್ಸಾಲಯ, ಮುಂಢವಾದ ಬಾಲಕ

ಆಗ ಸಾವಿತ್ರಿಬಾಯಿಯವರಿಗೆ 66 ವರ್ಷ. ಸೇನೆಯಲ್ಲಿ ವೈದ್ಯರಾಗಿದ್ದ ಮಗ ಯಶವಂತನ ಜತೆ ಸೇರಿ, ಪುಣೆಯ ಹೊರಗೆ ಹಡಪಸರದ ಬಳಿ ಬಯಲಿನಲ್ಲಿ ಪ್ಲೇಗು ರೋಗಿಗಳಿಗೆ ಚಿಕಿತ್ಸಾಲಯ ತೆರೆದರು. ಮಗ ರೋಗಿಗಳನ್ನು ನೋಡುವುದು, ತಾಯಿ ಅವರನ್ನು ಕರೆತಂದು ಆರೈಕೆ ಮಾಡುವುದು.

ಪಕ್ಕದ ಮುಂಢವಾದ ಮಹಾರ್ ಕೇರಿಯಲ್ಲಿ ಒಬ್ಬ ಬಾಲಕನಿಗೆ ಪ್ಲೇಗು ತಗುಲಿದ ಸುದ್ದಿ ಬಂತು. ಸಾವಿತ್ರಿಬಾಯಿ ತಾವೇ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಕೊನೆಗೆ ರೋಗ ಅವರಿಗೂ ತಗುಲಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

ಮುಟ್ಟಿದರೆ ಪ್ಲೇಗು ಬರುತ್ತದೆಯೇ?

ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಗಡ್ಡೆ ಪ್ಲೇಗು ಮೈ ಮುಟ್ಟಿದ ಮಾತ್ರಕ್ಕೆ ಬರುವ ರೋಗ ಅಲ್ಲ. ಅದರ ಬ್ಯಾಕ್ಟೀರಿಯಾ ಇಲಿಗಳಲ್ಲಿ ಇರುತ್ತದೆ. ಇಲಿಯ ರಕ್ತ ಹೀರುವ ಚಿಗಟ ಅದನ್ನು ಹೊತ್ತಿರುತ್ತದೆ. ಇಲಿ ಸತ್ತು ಅದರ ಮೈ ತಣ್ಣಗಾದಾಗ ಚಿಗಟ ಬೇರೆ ರಕ್ತ ಹುಡುಕಿಕೊಂಡು ಮನುಷ್ಯನನ್ನು ಕಚ್ಚುತ್ತದೆ. ರೋಗಿಯ ಬಟ್ಟೆ, ಹಾಸಿಗೆಯಲ್ಲಿ ಅಂಥ ಚಿಗಟ ಇದ್ದರೆ ಹತ್ತಿರ ಹೋದವರನ್ನೂ ಕಚ್ಚಬಹುದು. ರೋಗ ಶ್ವಾಸಕೋಶಕ್ಕೆ ಇಳಿದಿದ್ದರೆ ಮಾತ್ರ ಕೆಮ್ಮಿನ ಹನಿಗಳಿಂದ ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಹರಡುತ್ತದೆ.

ಇದೆಲ್ಲ ಸಾವಿತ್ರಿಬಾಯಿಯವರಿಗೆ ಗೊತ್ತಿತ್ತೆ? ಇಲ್ಲ, ಅಂದಿನ ವಿಜ್ಞಾನಿಗಳಿಗೇ ಗೊತ್ತಿರಲಿಲ್ಲ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ 1894ರಲ್ಲೇ ಗುರುತಿಸಿದ್ದರು. ಆದರೆ ಅದನ್ನು ಹರಡುವುದು ಚಿಗಟ ಎಂದು ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಸಾವಿತ್ರಿಬಾಯಿ ತೀರಿಕೊಂಡ ಮರುವರ್ಷ. ಎಲ್ಲರೂ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಲಸಿಕೆಯಂತೂ ಆಗಷ್ಟೇ ಕಣ್ಣುಬಿಟ್ಟಿತ್ತು: ವಾಲ್ಡೆಮಾರ್ ಹಾಫ್‌ಕಿನ್ ಮುಂಬೈಯಲ್ಲಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡದ್ದು 1897ರ ಜನವರಿ 10ರಂದು. ಸಾವಿತ್ರಿಬಾಯಿ ತೀರಿಕೊಂಡದ್ದು ಅದಾದ ಸರಿಯಾಗಿ ಎರಡು ತಿಂಗಳಿಗೆ. ಪ್ಲೇಗನ್ನು ಗುಣಪಡಿಸುವ ಆ್ಯಂಟಿಬಯೋಟಿಕ್‌ಗಳು ಬಂದದ್ದು 1940ರ ದಶಕದಲ್ಲಿ.

ಒಂದು ವಿಷಯದಲ್ಲಿ ಮಾತ್ರ ತಾಯಿ ಮಗನ ನಿರ್ಧಾರ ಮುಂದೆ ಬಂದ ವಿಜ್ಞಾನಕ್ಕೆ ಸರಿಹೊಂದುತ್ತಿತ್ತು. ಇಲಿ ತುಂಬಿದ ಓಣಿಗಳನ್ನು ಬಿಟ್ಟು ಊರಾಚೆಯ ಬಯಲಿಗೆ ಹೋಗುವುದು ಆ ಕಾಲದಲ್ಲಿ ಸಾಧ್ಯವಿದ್ದ ಒಳ್ಳೆಯ ರಕ್ಷಣೆಗಳಲ್ಲಿ ಒಂದು. ನಮ್ಮ ಹಿರಿಯರ ನೆನಪಲ್ಲೂ ಇದು ಉಳಿದಿದೆ. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಹಳೇ ಮೈಸೂರು ಸೀಮೆಯಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಿನಮ್ಮನ ಗುಡಿಗಳು ಎದ್ದದ್ದೂ, ಗಾಳಿ ಬೆಳಕಿನ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದೂ ಆ ದಿನಗಳಲ್ಲೇ.

ಹಾಗಾದರೆ ಅವರು ಮಾಡಿದ್ದು ದುಡುಕೆ?

ಅಲ್ಲ. ಮೂರು ಕಾರಣ ಹೇಳಬಹುದು.

ಮೊದಲನೆಯದು, ಬಾಲಕನಿಗೆ ನಿಜವಾದ ಪ್ರಯೋಜನ ಇತ್ತು. ಔಷಧ ಇಲ್ಲದ ಕಾಯಿಲೆಯಲ್ಲೂ ನೀರು, ಗಂಜಿ, ನೆರಳು, ಪಕ್ಕದಲ್ಲಿ ನೋಡಿಕೊಳ್ಳುವವರು ಇದ್ದರೆ ಬದುಕುವ ಅವಕಾಶ ಹೆಚ್ಚು. ಗಡ್ಡೆ ಪ್ಲೇಗು ಬಂದವರೆಲ್ಲ ಸಾಯುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು, ಅವರು ತಯಾರಿ ಇಲ್ಲದೆ ನುಗ್ಗಲಿಲ್ಲ. ಚಿಕಿತ್ಸೆಗೆ ಜಾಗ ಇತ್ತು, ವೈದ್ಯರು ಇದ್ದರು, ರೋಗಿಯನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಉಳಿದ ಅಪಾಯವನ್ನು ತಗ್ಗಿಸುವ ದಾರಿ ಆಗ ಪ್ರಪಂಚದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮೂರನೆಯದು, ಅವರು ಹೋಗದಿದ್ದರೆ ಇನ್ನೊಬ್ಬರು ಹೋಗುತ್ತಾರೆ ಎಂಬ ಭರವಸೆ ಇರಲಿಲ್ಲ. ಆ ಕೇರಿಯನ್ನು ಊರು ಮೊದಲೇ ಕೈಬಿಟ್ಟಿತ್ತು.

ಅವರು ಬದುಕಿದ್ದರೆ ಇನ್ನಷ್ಟು ಜನರಿಗೆ ನೆರವಾಗುತ್ತಿದ್ದರು ಎಂಬ ಮಾತೂ ಸುಳ್ಳಲ್ಲ. ಸಹಾಯಕರು ಸತ್ತರೆ ಸಹಾಯವೂ ನಿಲ್ಲುತ್ತದೆ. ಆದರೆ ಅದೇ ಲೆಕ್ಕ ಹಿಡಿದು ಪ್ರತಿಯೊಬ್ಬರೂ ಹಿಂದೆ ಸರಿದರೆ, ಕೇರಿಯ ಆ ಮಗುವಿನ ಸರದಿ ಎಂದಿಗೂ ಬರುವುದಿಲ್ಲ. ಹಾಗಾಗಿ ಅಪಾಯವನ್ನೇ ಎದುರಿಸಬಾರದು ಎನ್ನುವುದೂ ತಪ್ಪು, ಅಪಾಯ ದೊಡ್ಡದಾದಷ್ಟೂ ಸೇವೆ ದೊಡ್ಡದು ಎನ್ನುವುದೂ ತಪ್ಪು. ತಗ್ಗಿಸಬಹುದಾದ ಅಪಾಯವನ್ನು ತಗ್ಗಿಸಿ, ಉಳಿದದ್ದನ್ನು ತಿಳಿದೇ ಹೊರುವುದು ಸರಿ. ಸೀರೆ ಚೀಲದ ದಿನದಿಂದ ಹಡಪಸರದವರೆಗೆ ಸಾವಿತ್ರಿಬಾಯಿ ಮಾಡಿದ್ದು ಅದನ್ನೇ.

ಇವತ್ತು ನಾವು ಏನು ಮಾಡಬೇಕು?

ಅವರಿಗೆ ಇಲ್ಲದ ತಿಳಿವಳಿಕೆ ನಮಗಿದೆ. ಅದನ್ನು ಬಳಸದೆ ನುಗ್ಗಿದರೆ ಅವರ ದಾರಿಯಲ್ಲಿ ನಡೆದಂತೆ ಆಗುವುದಿಲ್ಲ.

ನೀರಿಗೆ ಬಿದ್ದವರು: ಮುಳುಗುತ್ತಿರುವವರು ಗಾಬರಿಯಲ್ಲಿ ಬಂದವರನ್ನೇ ಅಪ್ಪಿ ಹಿಡಿದು ಮುಳುಗಿಸುತ್ತಾರೆ. ದಡದಲ್ಲೇ ನಿಂತು ಹಗ್ಗ, ಕೋಲು, ಸೀರೆ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ಜನರನ್ನು ಕೂಗಿ ಕರೆಯಿರಿ. ಹೀಗೆ ಕಾಪಾಡುವ ತರಬೇತಿ ಇಲ್ಲದವರು ನೀರಿಗೆ ಧುಮುಕಬೇಡಿ.

ಕರೆಂಟ್ ಹೊಡೆದವರು: ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಮುಟ್ಟಿ. ರಸ್ತೆಯಲ್ಲಿ ತುಂಡಾಗಿ ಬಿದ್ದ ತಂತಿಯಾದರೆ ದೂರ ನಿಂತು ವಿದ್ಯುತ್ ಕಂಪನಿಗೆ ಫೋನ್ ಮಾಡಿ, ಬೇರೆಯವರನ್ನೂ ಹತ್ತಿರ ಬಿಡಬೇಡಿ.

ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್, ಹಾಳು ಬಾವಿ: ಒಳಗೆ ಆಮ್ಲಜನಕ ಇರುವುದಿಲ್ಲ ಅಥವಾ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಈ ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಹಾಗಾಗಿ ವಾಸನೆ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಒಬ್ಬರ ಹಿಂದೆ ಒಬ್ಬರು ಇಳಿದು ಮೂರು ನಾಲ್ಕು ಜನ ಸಾಯುವುದು ಹೀಗೆ. ಯಾರೂ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಮನುಷ್ಯರನ್ನು ಅಲ್ಲಿ ಇಳಿಸಿ ಸ್ವಚ್ಛ ಮಾಡಿಸುವುದನ್ನು ತಡೆಯಲು 2013ರ ಕಾಯ್ದೆಯೇ ಇದೆ.

ರಸ್ತೆ ಅಪಘಾತ: ಇಲ್ಲಿ ಜನ ಹೆದರುವುದು ಪ್ರಾಣಕ್ಕಲ್ಲ, ಪೊಲೀಸ್ ಕೇಸಿಗೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ವಾಹನಗಳನ್ನು ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಇಲ್ಲಿ ಹಿಂದೆ ಸರಿಯಲು ಕಾರಣವೇ ಇಲ್ಲ.

ಸಾಂಕ್ರಾಮಿಕ ರೋಗ: ಇವತ್ತು ಪ್ಲೇಗು ರೋಗಿಯನ್ನು ನೋಡಿಕೊಳ್ಳುವವರಿಗೆ ಮಾಸ್ಕ್, ಗ್ಲೌಸ್ ಇವೆ, ವೈದ್ಯರ ಸಲಹೆಯಂತೆ ಮುಂಜಾಗ್ರತೆಗೆ ತೆಗೆದುಕೊಳ್ಳುವ ಮಾತ್ರೆಗಳೂ ಇವೆ. ಇವನ್ನು ಆಶಾ ಕಾರ್ಯಕರ್ತೆಯರಿಗೆ, ನರ್ಸ್‌ಗಳಿಗೆ, ಪೌರಕಾರ್ಮಿಕರಿಗೆ ಒದಗಿಸುವುದು ಕೆಲಸಕ್ಕೆ ಕಳಿಸುವವರ ಹೊಣೆ. ಅದನ್ನು ಕೊಡದೆ ಯೋಧರೆಂದು ಚಪ್ಪಾಳೆ ತಟ್ಟಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಮುಂದಿನ ಮಾರ್ಚ್ 10ರಂದು ಸಾವಿತ್ರಿಬಾಯಿಯವರ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಖಂಡಿತ ಹಂಚಿಕೊಳ್ಳಿ. ಜತೆಗೆ ಎರಡು ಸಾಲು ಸೇರಿಸಿ: ಗಡ್ಡೆ ಪ್ಲೇಗು ಹರಡುವುದು ಚಿಗಟದಿಂದ, ಮೈ ಮುಟ್ಟಿದ ಮಾತ್ರಕ್ಕೆ ಅಲ್ಲ. ಮತ್ತು ಯಾರೂ ಮುಟ್ಟದ ಮಗುವನ್ನು ಹೊತ್ತು ತರಲು 66 ವರ್ಷದ ಒಬ್ಬ ತಾಯಿಯೇ ಹೋಗಬೇಕಾಗಿ ಬಂದದ್ದು ಊರು ಹಿಂದೆ ಸರಿದಿದ್ದರಿಂದ.