ಗುಲಾಂ ಯಜ್ದಾನಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯು ಪ್ರಾಚೀನ ಅವಶೇಷಗಳ ಆಗರವಾಗಿದೆ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇತಿಹಾಸಪೂರ್ವ ಕಾಲದ ಬೃಹತ್ ಶಿಲಾಸಮಾಧಿಗಳಿವೆ. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವಿದೆ. ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಭವ್ಯ ದೇವಾಲಯವಿದೆ. 'ಕೊಪಣ' ಎಂಬ ಹೆಸರಿನಿಂದ ಕವಿರಾಜಮಾರ್ಗದಲ್ಲಿ ಉಲ್ಲೇಖಗೊಂಡಿರುವ ಕೊಪ್ಪಳವಂತೂ ಶಾಸನಗಳಿಂದ ತುಂಬಿದೆ. ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಆ ಸಂಸ್ಥಾನದ ಪ್ರಾಚೀನ ಸಂಪತ್ತಿನ ರಕ್ಷಣೆಯ ಹೊಣೆಯನ್ನು ಹೊತ್ತಿದ್ದವರು ಗುಲಾಂ ಯಜ್ದಾನಿಯವರು.

ಯಜ್ದಾನಿಯವರು 1885ರಲ್ಲಿ ದೆಹಲಿಯಲ್ಲಿ ಜನಿಸಿದರು. ಅರಬ್ಬಿ ಮತ್ತು ಪಾರಸಿ ಭಾಷೆಗಳಲ್ಲಿ ಪಾಂಡಿತ್ಯ ಪಡೆದು ಕೆಲವು ಕಾಲ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಆ ಭಾಷೆಗಳ ಶಾಸನಗಳ ಅಧ್ಯಯನವು ಅವರನ್ನು ಪುರಾತತ್ತ್ವದ ಕಡೆಗೆ ಸೆಳೆಯಿತು. 1914ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆಯು ಸ್ಥಾಪನೆಯಾದಾಗ ಅದರ ನೇತೃತ್ವವು ಅವರಿಗೆ ದೊರೆಯಿತು. ಸುಮಾರು ಮೂರು ದಶಕಗಳ ಕಾಲ, 1943ರವರೆಗೆ, ಅವರು ಆ ಹೊಣೆಯನ್ನು ನಿರ್ವಹಿಸಿದರು.

ಇಲಾಖೆಯ ಆರಂಭದ ದಿನಗಳಲ್ಲೇ ಒಂದು ಮಹತ್ತ್ವದ ಘಟನೆ ನಡೆಯಿತು. 1915ರಲ್ಲಿ ಚಿನ್ನದ ಗಣಿಗಾಗಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯಲ್ಲಿ ಒಂದು ಶಿಲಾಶಾಸನ ಕಾಣಿಸಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇದ್ದಿತು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇದ್ದಿತು. ಈ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದರು. ಅದು ಇಲಾಖೆಯ ಗ್ರಂಥಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟವಾಯಿತು.

ಮುಂದೆ 1931ರಲ್ಲಿ ಕೊಪ್ಪಳದ ಎನ್.ಬಿ. ಶಾಸ್ತ್ರಿಯವರು ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಎರಡು ಶಾಸನಗಳನ್ನು ಕಂಡುಹಿಡಿದರು. ಪಾಲ್ಕಿಗುಂಡಿನ ಶಾಸನವು ಮಳೆಗಾಳಿಗಳಿಗೆ ಸಿಲುಕಿ ಬಹುಮಟ್ಟಿಗೆ ಸವೆದುಹೋಗಿದ್ದಿತು. ಅಕ್ಷರಗಳು ಅಳಿದರೆ ಅವು ಹೇಳುವ ಮಾತೂ ಅಳಿದಂತೆಯೇ ಸರಿ. ಆದುದರಿಂದ ಇಂತಹ ಶಾಸನಗಳನ್ನು ಓದಿಸಿ ಮುದ್ರಿಸುವುದು ಅವುಗಳನ್ನು ಕಾಪಾಡುವಷ್ಟೇ ಅವಶ್ಯಕವಾಗಿದ್ದಿತು. ಪ್ರಾಕೃತವು ಯಜ್ದಾನಿಯವರ ಅಧ್ಯಯನದ ಕ್ಷೇತ್ರವಾಗಿರಲಿಲ್ಲ. ಲಂಡನ್ನಿನ ವಿದ್ವಾಂಸ ಆರ್.ಎಲ್. ಟರ್ನರ್ ಅವರು ಸಂಪಾದಿಸಿದ ಈ ಶಾಸನಗಳು 1932ರಲ್ಲಿ ಅದೇ ಮಾಲೆಯಲ್ಲಿ ಬೆಳಕು ಕಂಡವು. ಕೊಪ್ಪಳದ ಕನ್ನಡ ಶಾಸನಗಳನ್ನು ಸಿ.ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದರು. ಅವು 1935ರಲ್ಲಿ ಪ್ರಕಟವಾದವು. ಹೀಗೆ ಬೌದ್ಧ, ಜೈನ, ಶೈವವೆಂಬ ಭೇದವಿಲ್ಲದೆ ಕೊಪ್ಪಳದ ಚರಿತ್ರೆಯ ಆಧಾರಗಳು ವಿದ್ವತ್ಪ್ರಪಂಚಕ್ಕೆ ದೊರೆತವು.

ಯಜ್ದಾನಿಯವರ ಕೀರ್ತಿಗೆ ಮುಖ್ಯ ಕಾರಣವಾದುದು ಅಜಂತೆಯ ಕಾರ್ಯ. ಅಲ್ಲಿಯ ಗುಹೆಗಳೂ ಹೈದರಾಬಾದ್ ಸಂಸ್ಥಾನದಲ್ಲಿಯೇ ಇದ್ದವು. ಗೋಡೆಯ ಗಾರೆಯು ಸಡಿಲಗೊಂಡು ಚಿತ್ರಗಳು ಉದುರುತ್ತಿದ್ದವು. ಹಿಂದೆ ಚಿತ್ರಕಾರರು ಬಹು ವರ್ಷ ಶ್ರಮಿಸಿ ಬರೆದ ಪ್ರತಿಗಳಲ್ಲಿ ಅನೇಕವು 1866 ಮತ್ತು 1885ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಆಹುತಿಯಾಗಿದ್ದವು. ಆದುದರಿಂದ ಮೂಲಚಿತ್ರಗಳನ್ನೇ ಉಳಿಸಬೇಕಾಗಿದ್ದಿತು. ಇದಕ್ಕಾಗಿ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ತಜ್ಞರನ್ನು ಕರೆಸಲಾಯಿತು. 1920ರಿಂದ 1922ರವರೆಗೆ ಅವರು ಸಡಿಲವಾದ ಗಾರೆಯನ್ನು ಗೋಡೆಗೆ ಮತ್ತೆ ಭದ್ರಪಡಿಸಿದರು. ಅಂದು ರಕ್ಷಣೆಗೆಂದು ಬಳಿದ ಅರಗಿನ ಲೇಪವು ಕಾಲಕ್ರಮದಲ್ಲಿ ಮಾಸಿ ಬಣ್ಣಗಳನ್ನು ಮಂಕುಗೊಳಿಸಿತು. ಮುಂದಿನ ತಲೆಮಾರಿನ ತಜ್ಞರು ಅದನ್ನು ತೆಗೆಯಬೇಕಾಯಿತು. ಆದರೆ ಉದುರಲಿದ್ದ ಗಾರೆಯನ್ನು ಅಂದು ಹಿಡಿದು ನಿಲ್ಲಿಸದಿದ್ದರೆ, ಮುಂದಿನವರು ಶುಚಿಗೊಳಿಸಲು ಎಷ್ಟೋ ಚಿತ್ರಗಳು ಉಳಿಯುತ್ತಲೇ ಇರಲಿಲ್ಲ.

ಬಳಿಕ ಯಜ್ದಾನಿಯವರು ಅಜಂತೆಯ ಚಿತ್ರಗಳನ್ನು ಛಾಯಾಚಿತ್ರಗಳ ನೆರವಿನಿಂದ ನಾಲ್ಕು ಭಾಗಗಳಲ್ಲಿ ಪ್ರಕಟಿಸಿದರು. ಮೊದಲ ಭಾಗವು 1930ರಲ್ಲಿ ಹೊರಬಂದರೆ ಕೊನೆಯದು 1955ರಲ್ಲಿ ಹೊರಬಂದಿತು. ನಿವೃತ್ತಿಯು ಅವರ ವ್ಯಾಸಂಗಕ್ಕೆ ಅಡ್ಡಿಯಾಗಲಿಲ್ಲ. ಬೀದರಿನ ಚರಿತ್ರೆ ಹಾಗೂ ಸ್ಮಾರಕಗಳನ್ನು ಕುರಿತ ಅವರ ಗ್ರಂಥವು 1947ರಲ್ಲಿ ಪ್ರಕಟವಾಯಿತು. ದಖ್ಖನಿನ ಪ್ರಾಚೀನ ಇತಿಹಾಸವನ್ನು ಕುರಿತ ಬೃಹತ್ ಗ್ರಂಥಕ್ಕೂ ಅವರು ಸಂಪಾದಕರಾಗಿದ್ದರು. ಭಾರತ ಸರಕಾರವು 1959ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1962ರಲ್ಲಿ ಅವರು ನಿಧನ ಹೊಂದಿದರು.

ಅರಬ್ಬಿ ವಿದ್ವಾಂಸರೊಬ್ಬರು ಬೌದ್ಧರ ಚಿತ್ರಗಳಿಗಾಗಿ ತಮ್ಮ ಬಾಳಿನ ಬಹುಭಾಗವನ್ನು ವಿನಿಯೋಗಿಸಿದರು. ಅವರ ಇಲಾಖೆಯು ಅಶೋಕನ ಬ್ರಾಹ್ಮಿ ಲಿಪಿಗೂ ಕೊಪಣದ ಕನ್ನಡ ಶಾಸನಗಳಿಗೂ ಸಮಾನವಾದ ಆದರವನ್ನು ತೋರಿತು. ಪೂರ್ವಿಕರ ಕೃತಿಯು ಯಾವ ಮತದ್ದು, ಯಾವ ಭಾಷೆಯದು ಎಂಬುದಕ್ಕಿಂತ ಅದು ಅಳಿಯದೆ ಉಳಿಯುವುದು ಮುಖ್ಯವೆಂಬುದನ್ನು ಯಜ್ದಾನಿಯವರ ಜೀವನವು ತೋರಿಸಿಕೊಡುತ್ತದೆ. ಊರಿನ ಸಮೀಪದ ಬಂಡೆಯ ಮೇಲೆ ಹೆಸರು ಗೀಚದೆ, ಶಾಸನದ ಕಲ್ಲನ್ನು ಕದಲಿಸದೆ ಇರುವುದೂ ಆ ಮಹಾಕಾರ್ಯದಲ್ಲಿ ಒಂದು ಪಾಲೇ ಸರಿ.